ಮಹಾಧಮನಿಯ ಉಬ್ಬು ಮತ್ತು ರಕ್ಷಕಕಣಗಳು: ಒಂದು ಕಾರಣವಿಚಾರದ ಇತಿಹಾಸ

ಹೃದಯದಿಂದ ಹೊರಟು ಎದೆ ಹೊಟ್ಟೆಗಳ ಮೂಲಕ ಇಳಿಯುವ ಮಹಾಧಮನಿಯ ಗೋಡೆಯು ಒಂದೆಡೆ ಬಲಗುಂದಿ ಉಬ್ಬುವುದನ್ನು ವೈದ್ಯರು ಅನ್ಯೂರಿಸಂ ಎಂದು ಕರೆಯುತ್ತಾರೆ. ಅದು ಬಹುಕಾಲ ನೋವಿಲ್ಲದೆ ಬೆಳೆದು, ಒಡೆದಾಗ ಬಹುಮಟ್ಟಿಗೆ ಮಾರಕವಾಗುವುದು. ದೇಹರಕ್ಷಣೆಗೆ ನಿಯತವಾದ ಬಿಳಿಯ ರಕ್ತಕಣಗಳು ಇಂಥ ಗೋಡೆಯೊಳಗೆ ಗುಂಪುಗೂಡಿರುವುದುಂಟು. ಅವು ಅಲ್ಲಿಗೆ ಗೋಡೆಯನ್ನು ಕೆಡವಲು ಬಂದವೆ, ಕೆಟ್ಟ ಗೋಡೆಯನ್ನು ಸರಿಪಡಿಸಲು ಬಂದವೆ? ಇದು ವೈದ್ಯರ ಪ್ರಶ್ನೆಯೆಂಬುದು ದಿಟ. ಆದರೆ ಘಟನೆಯ ಸ್ಥಳದಲ್ಲಿ ಕಂಡವನನ್ನು ಕರ್ತೃವೆನ್ನಬೇಕೆ, ಸಾಕ್ಷಿಯೆನ್ನಬೇಕೆ ಎಂಬುದು ಇತಿಹಾಸಕಾರನಿಗೂ ನಿತ್ಯದ ತೊಡಕು. ಆದುದರಿಂದ ಆ ಪ್ರಶ್ನೆಯು ನಡೆದುಬಂದ ದಾರಿಯನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಸೈನ್ಯದಲ್ಲಿ ಎಳೆಯ ವಯಸ್ಸಿನ ಸಿಪಾಯಿಗಳೇ ಈ ರೋಗಕ್ಕೆ ಬಲಿಯಾಗುತ್ತಿದ್ದರು. ಬಿಗಿಯಾದ ಕೊರಳಪಟ್ಟಿ ಮತ್ತು ಬೆನ್ನಿನ ಹೊರೆಯಿಂದ ರಕ್ತದ ಒತ್ತಡ ಏರಿ ಧಮನಿ ಹಿಗ್ಗುವುದೆಂದು ಹಲವರು ವಾದಿಸಿದರು. ಸೈನ್ಯವೈದ್ಯ ಫ್ರಾನ್ಸಿಸ್ ವೆಲ್ಷ್ 1876 ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಬೇರೆಯದೇ ದಾರಿಯನ್ನು ಹಿಡಿದು, ಸತ್ತ ಸಿಪಾಯಿಗಳ ಧಮನಿಗಳಿಗೂ ಉಪದಂಶ ಅಥವಾ ಪರಂಗಿ ರೋಗಕ್ಕೂ ಸಂಬಂಧ ಕಲ್ಪಿಸಿದನು. ಮುಂದೆ 1905 ರಲ್ಲಿ ಷಾಡಿನ್ ಮತ್ತು ಹಾಫ್‌ಮನ್ ಆ ರೋಗದ ಜೀವಾಣುವನ್ನು ಗುರುತಿಸಿದರು. ಇಂಥ ಧಮನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಗೋಡೆಗೆ ಆಹಾರವೊದಗಿಸುವ ಕಿರುನಾಳಗಳ ಸುತ್ತ ಲಿಂಫೋಸೈಟುಗಳೂ ಪ್ಲಾಸ್ಮಾ ಕಣಗಳೂ ಮುತ್ತಿರುವುದು ಕಾಣುತ್ತದೆ. ಶತ್ರುವೂ ರಕ್ಷಕರೂ ಒಂದೇ ಕಣದಲ್ಲಿ ಇದ್ದಾಗ ಅಪರಾಧವನ್ನು ಶತ್ರುವಿನ ಮೇಲೆ ಹೊರಿಸುವುದು ಸುಲಭ. ರಕ್ಷಕರನ್ನು ಯಾರೂ ವಿಚಾರಣೆಗೆ ಕರೆಯಲಿಲ್ಲ.

ಹಾಗೆ ಕರೆಯದಿರಲು ಕಾರಣವೂ ಇತ್ತು. 1882 ರಲ್ಲಿ ಮೆಸ್ಸಿನಾದಲ್ಲಿದ್ದ ಮೆಚ್ನಿಕಾಫನು ನಕ್ಷತ್ರಮೀನಿನ ಮರಿಯ ಮೈಗೆ ಗುಲಾಬಿಯ ಮುಳ್ಳನ್ನು ಚುಚ್ಚಿ, ಅದರ ಸುತ್ತ ಚಲಿಸುವ ಕಣಗಳು ನೆರೆಯುವುದನ್ನು ಕಂಡಿದ್ದನು. ಅವು ಹೊರಗಿನಿಂದ ಬಂದುದನ್ನು ನುಂಗುವ ಭಕ್ಷಕಕಣಗಳೆಂಬ ಅವನ ಸಿದ್ಧಾಂತಕ್ಕೆ 1908 ರಲ್ಲಿ ನೊಬೆಲ್ ಬಹುಮಾನದ ಮನ್ನಣೆ ದೊರೆಯಿತು. ಉರಿಯೂತವೆಂದರೆ ದೇಹವು ಹೂಡುವ ರಕ್ಷಣಾಯುದ್ಧ ಎಂಬ ಭಾವನೆ ಅಂದಿನಿಂದ ಬೇರೂರಿತು.

ಈ ಭಾವನೆಯ ಹಿನ್ನೆಲೆಯಲ್ಲಿ ಒಂದು ಪ್ರಸಿದ್ಧ ಶಸ್ತ್ರಚಿಕಿತ್ಸೆಯನ್ನು ನೋಡಬೇಕು. 1948 ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ರುಡಾಲ್ಫ್ ನಿಸ್ಸೆನ್ ಎಂಬ ಶಸ್ತ್ರವೈದ್ಯನು ಆಲ್ಬರ್ಟ್ ಐನ್‌ಸ್ಟೈನರ ಹೊಟ್ಟೆಯನ್ನು ತೆರೆದಾಗ, ಅಲ್ಲಿ ಮಹಾಧಮನಿಯ ದೊಡ್ಡದೊಂದು ಉಬ್ಬು ಕಂಡುಬಂದಿತು. ಅದನ್ನು ಕತ್ತರಿಸಿ ಬೇರೆ ನಾಳ ಜೋಡಿಸುವ ವಿದ್ಯೆ ಆಗಿನ್ನೂ ಕೈಗೂಡಿರಲಿಲ್ಲ; ಪ್ಯಾರಿಸಿನ ಷಾರ್ಲ್ ದ್ಯುಬೊಸ್ತ್ ಅದನ್ನು ಸಾಧಿಸಿದ್ದು 1951 ರಲ್ಲಿ. ನಿಸ್ಸೆನ್ ಉಬ್ಬಿನ ಮೇಲೆ ಸೆಲೊಫೇನ್ ಹಾಳೆಯನ್ನು ಹೊದಿಸಿದನು. ಇದು ಬರಿಯ ಪಟ್ಟಿಯಲ್ಲವೆಂಬುದನ್ನು ಓದುಗರು ಗಮನಿಸಬೇಕು. ಪರವಸ್ತುವಾದ ಹಾಳೆಯು ಅಂಗಾಂಶವನ್ನು ಕೆರಳಿಸಿ, ಕಣಗಳನ್ನು ಬರಮಾಡಿಕೊಂಡು, ಗೋಡೆಯ ಹೊರಗೆ ಗಟ್ಟಿಯಾದ ಕಲೆಯ ಪದರವನ್ನು ಕಟ್ಟಿಸಬೇಕೆಂಬುದೇ ಅದರ ಉದ್ದೇಶ. ಎಂದರೆ ಉರಿಯೂತವನ್ನು ಬೇಕೆಂದೇ ಆಹ್ವಾನಿಸಲಾಯಿತು. ಐನ್‌ಸ್ಟೈನರು ಆ ಬಳಿಕ ಆರು ವರ್ಷಕ್ಕೂ ಮಿಕ್ಕಿ ಬದುಕಿದರು. ಉಬ್ಬು ಒಡೆದಾಗ ಮತ್ತೊಂದು ಶಸ್ತ್ರಚಿಕಿತ್ಸೆಯನ್ನು ನಿರಾಕರಿಸಿ 1955 ರ ಏಪ್ರಿಲ್ 18 ರಂದು ತೀರಿಕೊಂಡರು. ಆ ಆರು ವರ್ಷಗಳನ್ನು ಹಾಳೆಯೇ ನೀಡಿತೆಂದು ಹೇಳುವ ಧೈರ್ಯ ನಮಗಿಲ್ಲ. ಒಂದಾದ ಮೇಲೊಂದು ನಡೆದುದನ್ನೆಲ್ಲ ಕಾರ್ಯಕಾರಣವೆಂದು ಬರೆಯುವ ರೂಢಿ ನಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಮಾತ್ರವೇ ಇರುವುದೆಂದು ತಿಳಿಯಬೇಕಾಗಿಲ್ಲ.

ಅಷ್ಟರಲ್ಲಿ ಪೆನಿಸಿಲಿನ್ನಿನಿಂದ ಉಪದಂಶವು ಹಿಂದೆ ಸರಿಯಿತು. ಉಳಿದುದು ಮುಖ್ಯವಾಗಿ ಹೊಗೆಸೊಪ್ಪು ಸೇದುವ ವಯಸ್ಸಾದ ಗಂಡಸರ ಹೊಟ್ಟೆಯ ಉಬ್ಬು. ಧಮನಿಯ ಸವೆತವೇ ಅದಕ್ಕೆ ಕಾರಣವೆಂದು ಎಣಿಸಿದ್ದರಿಂದ ಕಣಗಳ ಮಾತು ಮರೆಯಾಯಿತು. 1972 ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯರು ಕೆಲವು ಉಬ್ಬುಗಳನ್ನು ಮಾತ್ರ ‘ಉರಿಯೂತದ ಉಬ್ಬು’ ಎಂದು ಬೇರೆ ವರ್ಗ ಮಾಡಿದರು. ವರ್ಗೀಕರಣವು ಬೆಳಕನ್ನು ಕೊಡುವಂತೆ ನೆರಳನ್ನೂ ಬೀಳಿಸುತ್ತದೆ: ಉಳಿದವುಗಳಲ್ಲಿ ಉರಿಯೂತವಿಲ್ಲವೆಂಬ ಅರ್ಥ ತಾನಾಗಿ ಹುಟ್ಟಿತು. 1990 ರಲ್ಲಿ ಪ್ರತಿಕಾಯಗಳ ನೆರವಿನಿಂದ ಕಣಗಳ ಜಾತಿಯನ್ನು ಗುರುತಿಸಿದಾಗ, ಸಾಮಾನ್ಯ ಉಬ್ಬುಗಳ ಗೋಡೆಯಲ್ಲಿಯೂ ಟಿ ಲಿಂಫೋಸೈಟುಗಳೂ ಮ್ಯಾಕ್ರೊಫೇಜುಗಳೂ ಹೇರಳವಾಗಿ ಕಂಡುವು.

ಆದರೂ ಇದು ಸನ್ನಿಧಿಯ ಸಾಕ್ಷ್ಯವೇ ಹೊರತು ಕೃತ್ಯದ ಸಾಕ್ಷ್ಯವಲ್ಲ. ಕೃತ್ಯದ ಸಾಕ್ಷ್ಯ ಒದಗಿದ್ದು 2000 ದಲ್ಲಿ. ಧಮನಿಯ ಸ್ಥಿತಿಸ್ಥಾಪಕತೆಯು ಎಲಾಸ್ಟಿನ್ ಎಂಬ ನಾರಿನಿಂದಲೂ ಬಲವು ಕೊಲಾಜೆನ್ನಿನಿಂದಲೂ ಬರುವುದು. ಮ್ಯಾಕ್ರೊಫೇಜುಗಳು ಸುರಿಸುವ ಎಂಎಂಪಿ-9 ಎಂಬ ಕಿಣ್ವವು ಈ ನಾರುಗಳನ್ನು ಜೀರ್ಣಿಸಬಲ್ಲುದು. ಆ ಕಿಣ್ವವಿಲ್ಲದಂತೆ ಬೆಳೆಸಿದ ಇಲಿಗಳಲ್ಲಿ, ಕೃತಕವಾಗಿ ಉಬ್ಬನ್ನು ಬರಿಸಲು ಮಾಡಿದ ಯತ್ನವು ಬಹುಮಟ್ಟಿಗೆ ವಿಫಲವಾಯಿತು. ಅವುಗಳಿಗೆ ಸಾಮಾನ್ಯ ಇಲಿಯ ಮೂಳೆಮಜ್ಜೆಯನ್ನು ಸೇರಿಸಿದಾಗ ಉಬ್ಬು ಮರಳಿ ಬಂದಿತು. ಬಿಳಿಯ ಕಣಗಳು ಹುಟ್ಟುವುದು ಮಜ್ಜೆಯಲ್ಲಿಯಷ್ಟೆ. ರಕ್ಷಕರ ಮೇಲಣ ಆರೋಪ ಇಷ್ಟು ಸ್ಪಷ್ಟವಾಗಿ ಹಿಂದೆಂದೂ ಸಿದ್ಧವಾಗಿರಲಿಲ್ಲ.

ಹಾಗಾದರೆ ಕಿಣ್ವವನ್ನು ತಡೆದರೆ ರೋಗಿ ಉಳಿಯಬೇಕು. ಡಾಕ್ಸಿಸೈಕ್ಲಿನ್ ಎಂಬ ಹಳೆಯ ಔಷಧಕ್ಕೆ ಆ ಗುಣವಿತ್ತು. ನೆದರ್ಲೆಂಡ್ಸಿನ 14 ಆಸ್ಪತ್ರೆಗಳಲ್ಲಿ 286 ರೋಗಿಗಳ ಮೇಲೆ 18 ತಿಂಗಳು ನಡೆದ ಪರೀಕ್ಷೆಯ ಫಲ 2013 ರಲ್ಲಿ ಪ್ರಕಟವಾಯಿತು: ಔಷಧ ಪಡೆದವರ ಉಬ್ಬು ತುಸು ಹೆಚ್ಚೇ ಬೆಳೆದಿತ್ತು. ಅಮೆರಿಕದಲ್ಲಿ ಎರಡು ವರ್ಷ ನಡೆದ ಇನ್ನೊಂದು ಪರೀಕ್ಷೆಯೂ 2020 ರಲ್ಲಿ ನಿಷ್ಫಲವೆಂದು ವರದಿಯಾಯಿತು. ಸಣ್ಣ ಉಬ್ಬುಳ್ಳ ರೋಗಿಗೆ ಇಂದಿಗೂ ಅದರ ಬೆಳವಣಿಗೆಯನ್ನು ತಡೆಯುವ ಔಷಧವಿಲ್ಲ. ಗಂಡಸರಲ್ಲಿ ಅದು ಸುಮಾರು 5.5 ಸೆಂಟಿಮೀಟರು ಆಗುವವರೆಗೆ ಆಗಾಗ ಅಳೆಯುತ್ತ ಕಾಯುವುದೇ ಪದ್ಧತಿ.

ಇಲಿಯ ಪ್ರಯೋಗ ಸುಳ್ಳಾಯಿತೆಂದು ನಾವು ಭಾವಿಸುವುದಿಲ್ಲ. ಅಲ್ಲಿ ಪರೀಕ್ಷಿಸಿದ್ದು ಉಬ್ಬಿನ ಆರಂಭವನ್ನು. ರೋಗಿಗಳಲ್ಲಿ ಪರೀಕ್ಷಿಸಿದ್ದು ಆಗಲೇ ಬೆಳೆದ ಉಬ್ಬಿನ ಮುಂದುವರಿಕೆಯನ್ನು. ಒಂದು ರಾಜ್ಯದ ಪತನವನ್ನು ಆರಂಭಿಸಿದ ಕಾರಣವೇ ಅದನ್ನು ಕೊನೆಯವರೆಗೂ ನಡೆಸಿತೆಂದು ಯಾವ ಇತಿಹಾಸಕಾರನೂ ಊಹಿಸನು. ಮೇಲಾಗಿ ಮ್ಯಾಕ್ರೊಫೇಜುಗಳೆಲ್ಲ ಒಂದೇ ನಡತೆಯವಲ್ಲ. ಕೆಲವು ನಾರನ್ನು ಕಡಿದರೆ ಕೆಲವು ಕಸವನ್ನು ತೆಗೆದು ಗಾಯ ಮಾಯಿಸುತ್ತವೆ; ಟಿ ಕಣಗಳಲ್ಲಿಯೂ ಉರಿಯೂತವನ್ನು ಅಡಗಿಸುವ ಪಂಗಡವೊಂದುಂಟು. ನಿಸ್ಸೆನ್ ನೆಚ್ಚಿದ್ದ ಕಣಗಳೂ 2000 ದಲ್ಲಿ ಆರೋಪಕ್ಕೊಳಗಾದ ಕಣಗಳೂ ಒಂದೇ ಕುಲದವು.

ಆಧಾರಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮನುಷ್ಯರ ಉಬ್ಬಿನ ಗೋಡೆ ಪ್ರಯೋಗಶಾಲೆಗೆ ಬಂದುದು ಹೆಚ್ಚಾಗಿ ಶಸ್ತ್ರಚಿಕಿತ್ಸೆಯಿಂದ ಅಥವಾ ಶವಪರೀಕ್ಷೆಯಿಂದ, ಎಂದರೆ ರೋಗದ ಕೊನೆಯ ಘಟ್ಟದಿಂದ. ಬ್ಯೂನಸ್ ಐರಿಸಿನಲ್ಲಿ ಹ್ವಾನ್ ಪರೋದಿ 1990 ರಲ್ಲಿ ತೊಡೆಯ ಧಮನಿಯ ಮೂಲಕ ಒಳಗೆ ನಾಳ ತೂರಿಸುವ ವಿಧಾನವನ್ನು ಪ್ರಯೋಗಿಸಿದ ಮೇಲೆ, ಹಲವೆಡೆ ಅದೇ ರೂಢಿಯಾಗಿದೆ. ಅದರಲ್ಲಿ ಹೊಟ್ಟೆಯನ್ನು ತೆರೆಯಬೇಕಿಲ್ಲ. ಗೋಡೆಯ ತುಣುಕೂ ವೈದ್ಯನ ಕೈಗೆ ಬರುವುದಿಲ್ಲ. ರೋಗಿಗೆ ಅನುಕೂಲವಾದ ಈ ಸುಧಾರಣೆಯಿಂದಾಗಿ, ವಿಚಾರಣೆ ಇನ್ನೂ ಮುಗಿಯದಿರುವಾಗಲೇ ಅದರ ದಫ್ತರಕ್ಕೆ ಬಂದು ಸೇರುವ ಕಾಗದಗಳು ವಿರಳವಾಗುತ್ತಿವೆ.