ಉಪಕಾರದ ಪರೀಕ್ಷೆ

ಪರೋಪಕಾರಬುದ್ಧಿಯು ಶ್ಲಾಘ್ಯವೆಂಬ ವಿಷಯದಲ್ಲಿ ಲೋಕದಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಉಪಕಾರಬುದ್ಧಿಯಿಂದ ಮಾಡಿದ ಕಾರ್ಯವೆಲ್ಲವೂ ಉಪಕಾರವಾಗಿಯೇ ಪರಿಣಮಿಸುವುದೇ ಎಂಬುದು ಬೇರೊಂದು ಪ್ರಶ್ನೆ. ಮೊದಲನೆಯದು ಮಾಡುವವನ ಹೃದಯಕ್ಕೆ ಸಂಬಂಧಪಟ್ಟುದು. ಎರಡನೆಯದು ಮಾಡಿಸಿಕೊಂಡವನ ಬಾಳಿಗೆ ಸಂಬಂಧಪಟ್ಟುದು. ಮುರಿದ ಕೈಗೆ ಕಟ್ಟು ಕಟ್ಟಿದ ವೈದ್ಯನಿಗೆ ತನ್ನ ಕೆಲಸದ ಫಲವು ಒಂದೆರಡು ತಿಂಗಳಲ್ಲಿಯೇ ಗೋಚರವಾಗುವುದು. ಎಳೆಯರ ಮನಸ್ಸಿಗೆ ಚಿಕಿತ್ಸೆ ಮಾಡುವವನಿಗೆ ಆ ಸೌಕರ್ಯವಿಲ್ಲ. ಹತ್ತು ವರ್ಷದ ಬಾಲಕನಲ್ಲಿ ಬಿತ್ತಿದುದು ಅವನ ನಲವತ್ತನೆಯ ವಯಸ್ಸಿನಲ್ಲಿ ಫಲಿಸಬಹುದು; ಅಷ್ಟರಲ್ಲಿ ಬಿತ್ತಿದವನು ಅದನ್ನು ಮರೆತಿರುವನು, ಇಲ್ಲವೇ ಲೋಕವನ್ನೇ ಬಿಟ್ಟಿರುವನು. ಹಾಗಾದರೆ ಫಲವನ್ನು ಎಣಿಸುವವರಾರು? ಎಣಿಸುವ ಕ್ರಮವಾದರೂ ಯಾವುದು? ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಿದ ಒಂದು ಪ್ರಯತ್ನದ ಚರಿತ್ರೆಯನ್ನು ವಾಚಕರ ಮುಂದೆ ಇಡಬೇಕೆಂಬುದೇ ಈ ಲೇಖನದ ಉದ್ದೇಶ.

ಈ ಚರಿತ್ರೆಯು ನಡೆದುದು ಅಮೆರಿಕದ ಮೆಸಾಚುಸೆಟ್ಸ್ ಸಂಸ್ಥಾನದಲ್ಲಿ. ಅದರ ಮುಖ್ಯಪಟ್ಟಣವಾದ ಬಾಸ್ಟನ್ನಿನ ದೊಡ್ಡ ಆಸ್ಪತ್ರೆಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಬ್ಬರು ವೈದ್ಯರಿದ್ದರು. ಒಬ್ಬನು ಶಸ್ತ್ರವೈದ್ಯನಾದ ಅರ್ನೆಸ್ಟ್ ಕಾಡ್ಮನ್. ಪ್ರತಿಯೊಬ್ಬ ರೋಗಿಗೂ ಒಂದು ಕಾರ್ಡನ್ನು ಬರೆದಿಟ್ಟು, ಚಿಕಿತ್ಸೆಯಾದ ಬಹುಕಾಲದ ಮೇಲೆ ಆ ರೋಗಿಯನ್ನು ಮತ್ತೆ ನೋಡಿ, ಗುಣವಾಯಿತೇ, ಆಗದಿದ್ದರೆ ಏಕೆ ಆಗಲಿಲ್ಲ ಎಂಬುದನ್ನು ಅದರಲ್ಲಿ ದಾಖಲೆಮಾಡಬೇಕೆಂಬುದು ಅವನ ವಾದ. ಈ ಮಾತು ಸಹೋದ್ಯೋಗಿಗಳಿಗೆ ರುಚಿಸಲಿಲ್ಲ. ಅವನು ೧೯೧೪ರಲ್ಲಿ ಆ ಆಸ್ಪತ್ರೆಯನ್ನು ಬಿಟ್ಟನು. ತಾನೇ ನಡೆಸುತ್ತಿದ್ದ ಚಿಕ್ಕ ಆಸ್ಪತ್ರೆಯಲ್ಲಿ ೧೯೧೧ರಿಂದ ೧೯೧೬ರವರೆಗೆ ಚಿಕಿತ್ಸೆ ಪಡೆದುಹೋದ ೩೩೭ ಮಂದಿಯ ವಿಷಯವನ್ನು ಪ್ರಕಟಿಸಿ, ಅದರಲ್ಲಿ ೧೨೩ ದೋಷಗಳು ನಡೆದಿದ್ದುವೆಂದು ಎಲ್ಲರಿಗೂ ತಿಳಿಯುವಂತೆ ಬರೆದನು. ತನ್ನ ಅಂಗಡಿಯ ತಕ್ಕಡಿಯನ್ನು ತಾನೇ ಬೀದಿಗೆ ತಂದು ತೂಗಿ ತೋರಿಸುವ ವರ್ತಕನು ಅಪೂರ್ವನಷ್ಟೆ.

ಎರಡನೆಯವನು ರಿಚರ್ಡ್ ಕ್ಯಾಬಟ್. ಜೀವಂತನಾಗಿದ್ದಾಗ ವೈದ್ಯರು ಹೇಳಿದ ರೋಗಕ್ಕೂ, ಮರಣಾನಂತರ ಶವಪರೀಕ್ಷೆಯಲ್ಲಿ ಕಂಡ ರೋಗಕ್ಕೂ ಎಷ್ಟು ಹೊಂದಿಕೆಯಿದೆಯೆಂಬುದನ್ನು ಸಾವಿರಗಟ್ಟಲೆ ಪ್ರಸಂಗಗಳಲ್ಲಿ ಹೋಲಿಸಿ ನೋಡಿ, ಕೆಲವು ರೋಗಗಳಲ್ಲಿ ವೈದ್ಯರ ಮಾತು ಅರ್ಧದಷ್ಟು ಸಲವೂ ಸರಿಯಾಗಿರಲಿಲ್ಲವೆಂದು ೧೯೧೨ರಲ್ಲಿ ತೋರಿಸಿಕೊಟ್ಟವನು ಇವನೇ. ರೋಗಿಗಳ ಮನೆಯ ಸ್ಥಿತಿಗತಿಗಳನ್ನು ವಿಚಾರಿಸುವ ಸಮಾಜಸೇವಕರನ್ನು ೧೯೦೫ರಲ್ಲಿ ಆಸ್ಪತ್ರೆಗೆ ತಂದವನೂ ಇವನೇ. ಹೀಗೆ ಕರುಣೆ ಮತ್ತು ಪರೀಕ್ಷಕಬುದ್ಧಿ ಎಂಬ ಎರಡು ಗುಣಗಳು ಇವನಲ್ಲಿ ಒಂದಾಗಿದ್ದುವು. ೧೯೩೧ರಲ್ಲಿ ಸಮಾಜಸೇವಕರ ಮಹಾಸಭೆಗೆ ಅಧ್ಯಕ್ಷನಾಗಿದ್ದಾಗ, ನೀವು ಮಾಡುವ ಸೇವೆಯು ಸಫಲವಾಯಿತೋ ವಿಫಲವಾಯಿತೋ ಎಂಬುದನ್ನು ತಿಳಿಯುವ ಒರೆಗಲ್ಲನ್ನು ಕಂಡುಕೊಳ್ಳಿರೆಂದು ಅವರಿಗೆ ಬೋಧಿಸಿದನು.

ಆ ಬೋಧನೆಗೆ ತಕ್ಕ ಕಾಲವೂ ಒದಗಿತು. ತಪ್ಪುದಾರಿಗೆ ಬಿದ್ದ ಬಾಲಕರ ಮನಸ್ಸನ್ನು ಪರಿಶೀಲಿಸುವುದಕ್ಕಾಗಿ ೧೯೧೭ರಲ್ಲಿ ಬಾಸ್ಟನ್ನಿನಲ್ಲಿ ಜಡ್ಜ್ ಬೇಕರ್ ಎಂಬ ನ್ಯಾಯಾಧೀಶನ ಹೆಸರಿನಲ್ಲಿ ಒಂದು ಚಿಕಿತ್ಸಾಲಯವು ಸ್ಥಾಪಿತವಾಗಿದ್ದಿತು. ವಿಲಿಯಂ ಹೀಲಿ ಮತ್ತು ಆಗಸ್ಟಾ ಬ್ರಾನರ್ ಎಂಬ ಪ್ರಸಿದ್ಧ ವಿದ್ವಾಂಸರು ಅದನ್ನು ನಡೆಸುತ್ತಿದ್ದರು. ಬಾಲಾಪರಾಧಿಗಳ ನ್ಯಾಯಾಲಯದಿಂದ ಅಲ್ಲಿಗೆ ಕಳುಹಿಸಲ್ಪಟ್ಟ ಸಾವಿರ ಹುಡುಗರು ಮುಂದೆ ಏನಾದರೆಂಬುದನ್ನು ಶೆಲ್ಡನ್ ಗ್ಲೂಕ್ ಮತ್ತು ಎಲಿನರ್ ಗ್ಲೂಕ್ ದಂಪತಿಗಳು ಹುಡುಕಿ ೧೯೩೪ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಐದು ವರ್ಷಗಳ ಅವಧಿಯಲ್ಲಿ ಶೇಕಡ ೮೮ ಮಂದಿ ಮತ್ತೆ ಅಪರಾಧಮಾಡಿದ್ದರೆಂದು ಅದರಿಂದ ತಿಳಿದುಬಂದಿತು. ಓದಿದವರು ಬೆಚ್ಚಿಬಿದ್ದರು. ಆದರೆ ಈ ಸಂಖ್ಯೆಯಿಂದಲೂ ವಿಷಯವು ನಿಷ್ಕೃಷ್ಟವಾಗಲಿಲ್ಲ. ಚಿಕಿತ್ಸೆಯಿಲ್ಲದಿದ್ದರೆ ಈ ಹುಡುಗರ ಗತಿ ಇನ್ನೂ ಕೆಡುತ್ತಿದ್ದಿತೋ, ಸುಧಾರಿಸುತ್ತಿದ್ದಿತೋ ಬಲ್ಲವರಾರು?

ಕಾರ್ಯಕಾರಣಸಂಬಂಧವನ್ನು ನಿಶ್ಚಯಿಸಬೇಕಾದರೆ ಅನ್ವಯ ಮತ್ತು ವ್ಯತಿರೇಕಗಳೆರಡೂ ಬೇಕೆಂದು ನಮ್ಮ ಶಾಸ್ತ್ರಕಾರರು ಹೇಳುವರು. ಒಂದಿದ್ದಲ್ಲಿ ಮತ್ತೊಂದು ಇರುವುದು ಅನ್ವಯ. ಅದಿಲ್ಲದಲ್ಲಿ ಇದೂ ಇಲ್ಲದಿರುವುದು ವ್ಯತಿರೇಕ. ಅನ್ವಯವೊಂದನ್ನೇ ನಂಬಿದವನು ಕಾಕತಾಳೀಯಕ್ಕೆ ಮೋಸಹೋಗುವನು: ಕಾಗೆ ಬಂದು ಕುಳಿತಾಗಲೇ ತಾಳೆಯ ಹಣ್ಣು ಬಿದ್ದುದರಿಂದ ಹಣ್ಣನ್ನು ಕಾಗೆಯೇ ಕೆಡಹಿತೆನ್ನುವನು. ಚಿಕಿತ್ಸೆಯಾದ ಮೇಲೆ ಹುಡುಗನು ಸರಿಹೋದನೆಂಬುದು ಅನ್ವಯಮಾತ್ರ. ವಯಸ್ಸು ಬಂದಂತೆ ತಾನಾಗಿಯೇ ಸರಿಹೋಗುವ ಹುಡುಗರು ಎಷ್ಟು ಮಂದಿಯೆಂಬುದನ್ನು ನೋಡದೆ ಆ ಕೀರ್ತಿಯನ್ನು ಚಿಕಿತ್ಸೆಗೆ ಸಲ್ಲಿಸುವಂತಿಲ್ಲ.

ಕ್ಯಾಬಟ್ಟನು ಕಟ್ಟಿದ ಪರೀಕ್ಷೆಯು ಈ ವ್ಯತಿರೇಕವನ್ನು ಒಳಗೊಂಡಿದ್ದಿತು. ಬಾಸ್ಟನ್ನಿಗೆ ಹೊಂದಿಕೊಂಡಿರುವ ಕೇಂಬ್ರಿಜ್ ಮತ್ತು ಸಾಮರ್ವಿಲ್ ಎಂಬ ಪಟ್ಟಣಗಳ ಬಡಕೇರಿಗಳಿಂದ ೫೦೬ ಮಂದಿ ಬಾಲಕರನ್ನು ಆರಿಸಿದರು. ತುಂಟರೆನಿಸಿಕೊಂಡವರೂ ಸಾಧುಗಳೂ ಇಬ್ಬರೂ ಅದರಲ್ಲಿದ್ದರು. ವಯಸ್ಸು, ಬುದ್ಧಿ, ಮನೆತನ, ನೆರೆಹೊರೆ, ಸ್ವಭಾವ ಇವುಗಳಲ್ಲಿ ಒಬ್ಬರನ್ನೊಬ್ಬರು ಹೋಲುವಂತೆ ೨೫೩ ಜೋಡಿಗಳನ್ನು ಮಾಡಿ, ನಾಣ್ಯವನ್ನು ಚಿಮ್ಮಿ, ಪ್ರತಿಯೊಂದು ಜೋಡಿಯಲ್ಲಿಯೂ ಒಬ್ಬನನ್ನು ಉಪಚಾರಗಣಕ್ಕೆ, ಮತ್ತೊಬ್ಬನನ್ನು ತುಲನಾಗಣಕ್ಕೆ ಸೇರಿಸಿದರು. ತುಲನಾಗಣದವರಿಗೆ ಪರೀಕ್ಷಕರಿಂದ ಯಾವ ಸಹಾಯವೂ ಇಲ್ಲ. ಉಪಚಾರಗಣದ ಬಾಲಕನಿಗಾದರೋ ಮಾರ್ಗದರ್ಶಕನೊಬ್ಬನು ಹಿರಿಯ ಸ್ನೇಹಿತನಂತೆ ದೊರೆಯುವನು. ಅವನು ಸರಾಸರಿ ತಿಂಗಳಿಗೆ ಎರಡು ಸಲ ಬರುವನು. ತಾಯಿತಂದೆಗಳ ಕಷ್ಟವನ್ನು ಕೇಳುವನು. ಪಾಠದಲ್ಲಿ ಹಿಂದಾದವರಿಗೆ ಪಾಠ, ರೋಗಿಗಳಿಗೆ ವೈದ್ಯ, ಮನಸ್ಸು ಕದಡಿದವರಿಗೆ ಮನೋವೈದ್ಯ, ಕೆಲವರಿಗೆ ಬೇಸಗೆಯ ಶಿಬಿರ ಇವೆಲ್ಲವನ್ನೂ ಒದಗಿಸುವನು. ೧೯೩೯ರಲ್ಲಿ ಕಾರ್ಯವು ಆರಂಭವಾಯಿತು. ಅದೇ ವರ್ಷ ಕ್ಯಾಬಟ್ಟನು ಕಾಲವಾದನು. ಯುದ್ಧವು ಬಂದು ಮಾರ್ಗದರ್ಶಕರಲ್ಲಿ ಹಲವರನ್ನು ಸೆಳೆದುಕೊಂಡಿತು. ಆದರೂ ೧೯೪೫ರವರೆಗೆ, ಒಬ್ಬೊಬ್ಬ ಬಾಲಕನಿಗೆ ಸರಾಸರಿ ಐದೂವರೆ ವರ್ಷಗಳಂತೆ, ಉಪಚಾರವು ನಡೆಯಿತು.

ಮೊದಲನೆಯ ವರದಿಯನ್ನು ಎಡ್ವಿನ್ ಪವರ್ಸ್ ಮತ್ತು ಹೆಲೆನ್ ವಿಟ್ಮರ್ ೧೯೫೧ರಲ್ಲಿ ಪ್ರಕಟಿಸಿದರು. ಮಾರ್ಗದರ್ಶಕರನ್ನು ಕೇಳಿದರೆ, ಸುಮಾರು ಮೂರರಲ್ಲಿ ಎರಡು ಪಾಲು ಬಾಲಕರಿಗೆ ವಿಶೇಷ ಪ್ರಯೋಜನವಾಯಿತೆಂದರು. ಬಾಲಕರನ್ನು ಕೇಳಿದರೆ, ಅರ್ಧಕ್ಕಿಂತ ಹೆಚ್ಚು ಮಂದಿ ಹೌದೆಂದರು. ವ್ಯತಿರೇಕವಿಲ್ಲದ ಪರೀಕ್ಷೆಯಾಗಿದ್ದರೆ ಇಲ್ಲಿಗೆ ಮಂಗಳವನ್ನು ಹಾಡಿ ಪುಸ್ತಕವನ್ನು ಮುಚ್ಚಬಹುದಾಗಿದ್ದಿತು. ಆದರೆ ನ್ಯಾಯಾಲಯದ ದಫ್ತರಗಳನ್ನು ತೆರೆದು ನೋಡಿದಾಗ ಉಪಚಾರಗಣದಲ್ಲಿಯೂ ತುಲನಾಗಣದಲ್ಲಿಯೂ ಅಪರಾಧಿಗಳ ಸಂಖ್ಯೆಯು ಹೆಚ್ಚು ಕಡಮೆ ಸಮನಾಗಿದ್ದಿತು. ಫಲವು ತಡವಾಗಿ ಬರುವುದೆಂದು ಹಿತೈಷಿಗಳು ಸಮಾಧಾನಪಟ್ಟುಕೊಂಡರು.

ಆ ತಡವಾದ ಫಲವನ್ನು ಹುಡುಕಿಕೊಂಡು ಹೋದವಳು ಜೋನ್ ಮೆಕಾರ್ಡ್ ಎಂಬ ವಿದುಷಿ. ಉಪಚಾರವು ಮುಗಿದು ಮೂವತ್ತು ವರ್ಷಗಳಾದ ಮೇಲೆ, ಬಾಲಕರು ನಡುವಯಸ್ಸಿನ ಗೃಹಸ್ಥರಾಗಿದ್ದಾಗ, ಊರಿನ ವಿಳಾಸಪುಸ್ತಕ, ವಾಹನಗಳ ದಾಖಲೆ, ವಿವಾಹ ಮರಣಗಳ ಲೆಕ್ಕ, ನ್ಯಾಯಾಲಯ ಮತ್ತು ಮಾನಸಿಕ ಆಸ್ಪತ್ರೆಗಳ ದಫ್ತರ ಇವುಗಳನ್ನೆಲ್ಲಾ ಜಾಲಿಸಿ ಬಹುಮಟ್ಟಿಗೆ ಎಲ್ಲರನ್ನೂ ಪತ್ತೆಮಾಡಿದಳು. ೧೯೭೮ರಲ್ಲಿ ಅವಳು ಪ್ರಕಟಿಸಿದ ಲೇಖನವು ಈ ಕ್ಷೇತ್ರದಲ್ಲಿ ಇಂದಿಗೂ ಸ್ಮರಣೀಯವಾಗಿದೆ. ಉತ್ತರ ಬರೆದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ಆ ಉಪಚಾರದಿಂದ ತಮಗೆ ಒಳ್ಳೆಯದಾಯಿತೆಂದೇ ಹೇಳಿದ್ದರು. ಮಾರ್ಗದರ್ಶಕರನ್ನು ಪ್ರೀತಿಯಿಂದ ನೆನೆದವರೂ ಉಂಟು. ದಫ್ತರಗಳು ಮಾತ್ರ ಬೇರೆಯ ಸಾಕ್ಷ್ಯವನ್ನು ನುಡಿದುವು. ಎರಡನೆಯ ಸಲ ಅಪರಾಧಮಾಡುವುದು, ಪಾನದ ಚಟ, ತೀವ್ರವಾದ ಮನೋರೋಗ, ರಕ್ತದ ಒತ್ತಡ ಹೃದ್ರೋಗಾದಿಗಳು, ಅಲ್ಪವಯಸ್ಸಿನ ಮರಣ, ಕೆಳದರ್ಜೆಯ ಉದ್ಯೋಗ, ಉದ್ಯೋಗದಲ್ಲಿ ಅತೃಪ್ತಿ—ಈ ಏಳರಲ್ಲಿಯೂ ಉಪಚಾರ ಪಡೆದವರ ಸ್ಥಿತಿಯೇ ಪಡೆಯದವರಿಗಿಂತ ಹೀನವಾಗಿ ಕಂಡಿತು. ಪ್ರಯೋಜನವಾಗಲಿಲ್ಲವೆಂಬುದು ಹಾಗಿರಲಿ, ಹಾನಿಯೇ ಆಗಿದ್ದಿತು!

ಇದಕ್ಕೆ ಕಾರಣವೇನು? ಹಿರಿಯ ಸ್ನೇಹಿತನ ಆಸರೆಗೆ ಒಗ್ಗಿದ ಹುಡುಗನು ಆಸರೆಯು ತಪ್ಪಿದಾಗ ನಿಲ್ಲಲಾರದೆ ಹೋಗಿರಬಹುದು. ಮಾರ್ಗದರ್ಶಕನ ಮಧ್ಯಮವರ್ಗದ ಸಂಸ್ಕಾರಕ್ಕೂ ಮನೆಯ ಸಂಸ್ಕಾರಕ್ಕೂ ನಡುವೆ ಸಿಕ್ಕಿ ಮನಸ್ಸು ಒಡೆದಿರಬಹುದು. ದೊಡ್ಡ ಆಸೆಗಳು ಹುಟ್ಟಿ ಅವು ಕೈಗೂಡದೆ ಕಹಿಯಾಗಿರಬಹುದು. ಸಹಾಯ ಬೇಕಾದವನೆಂದು ತನ್ನನ್ನು ತಾನೇ ಹೀನನಾಗಿ ಭಾವಿಸಿರಬಹುದು—ಎಂದು ಮೆಕಾರ್ಡಳು ಊಹಿಸಿದಳು. ಮುಂದಿನ ಪರಿಶೀಲನೆಯಲ್ಲಿ ಎರಡು ಸಂಗತಿಗಳು ಹೊರಬಿದ್ದುವು. ಒಂದು, ಉಪಚಾರಕ್ಕೆ ಮನಸಾರ ಸಹಕರಿಸಿದ ಕುಟುಂಬಗಳ ಹುಡುಗರಲ್ಲಿಯೇ ಹಾನಿಯು ಕಂಡುಬಂದಿತು. ಎರಡು, ಬೇಸಗೆಯ ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋದವರಿಗೆ ಹಾನಿಯು ವಿಶೇಷವಾಗಿದ್ದಿತು. ಪುಂಡಾಟದ ಕಥೆಗಳನ್ನು ಹೇಳಿ ಒಬ್ಬರನ್ನೊಬ್ಬರು ನಗಿಸಿ ಮೆಚ್ಚಿಸುವ ಅವಕಾಶವು ಶಿಬಿರದಲ್ಲಿ ಯಥೇಚ್ಛವಾಗಿ ದೊರೆತಿರಬೇಕು. ಸಂಗದೋಷವನ್ನು ಬಿಡಿಸಬೇಕೆಂದು ಹೊರಟವರು ಸಂಗವನ್ನೇ ಒದಗಿಸಿಕೊಟ್ಟಂತಾಯಿತು. ಈ ಅಭಿಪ್ರಾಯವನ್ನು ಥಾಮಸ್ ಡಿಷನ್ ಮೊದಲಾದವರೊಡನೆ ಸೇರಿ ೧೯೯೯ರಲ್ಲಿ ಅವಳು ಪ್ರಕಟಿಸಿದಳು.

ಸತ್ಯಪಕ್ಷಪಾತಿಗಳು ಮುಂದಿನ ಸಂಗತಿಯನ್ನೂ ಹೇಳಬೇಕು. ಉಪಚಾರವು ಮುಗಿದು ೭೨ ವರ್ಷಗಳಾದ ಮೇಲಿನ ಲೆಕ್ಕವನ್ನು ಬ್ರ್ಯಾಂಡನ್ ವೆಲ್ಷ್ ಮುಂತಾದವರು ೨೦೧೯ರಲ್ಲಿ ಪ್ರಕಟಿಸಿದರು. ಬಹುಮಂದಿ ತೀರಿಹೋಗಿದ್ದ ಆ ಕಾಲಕ್ಕೆ, ಮರಣದ ವಿಷಯದಲ್ಲಿ ಎರಡು ಗಣಗಳಿಗೂ ಗಣ್ಯವಾದ ಭೇದವು ಉಳಿದಿರಲಿಲ್ಲ. ನಡುವಯಸ್ಸಿನಲ್ಲಿ ಕಂಡುದು ಮುಪ್ಪಿನಲ್ಲಿ ಕಾಣಲಿಲ್ಲ. ಇದರಿಂದ ಉಪಚಾರದ ಮೇಲಿನ ಆರೋಪವು ಸ್ವಲ್ಪ ಹಗುರವಾಗಬಹುದೇ ಹೊರತು ಅದಕ್ಕೆ ಕೀರ್ತಿಯೇನೂ ಬರುವಂತಿಲ್ಲ. ಪ್ರಮಾಣವೆಂಬುದು ಒಂದು ಸಲ ಬಾರಿಸಿ ಬಿಡುವ ಗಂಟೆಯಲ್ಲ. ಮತ್ತೆ ಮತ್ತೆ ಹಚ್ಚಬೇಕಾದ ದೀಪ.

ಹಾಗಾದರೆ ಎಳೆಯರ ಮನೋವ್ಯಥೆಗೆ ಏನನ್ನೂ ಮಾಡದಿರುವುದೇ ಲೇಸೆಂದು ಕೆಲವರು ತೀರ್ಮಾನಿಸಬಹುದು. ಅದು ಈ ಚರಿತ್ರೆಯ ತಾತ್ಪರ್ಯವಲ್ಲ. ಇದೇ ಬಗೆಯ ತುಲನೆಯಿಂದಲೇ ಕೆಲವು ಚಿಕಿತ್ಸೆಗಳು ಸಫಲವೆಂದೂ ತಿಳಿದಿದೆ. ಫಿಲಡೆಲ್ಫಿಯದ ಫಿಲಿಪ್ ಕೆಂಡಲ್ ೧೯೯೪ರಲ್ಲಿ ೯ರಿಂದ ೧೩ ವರ್ಷದೊಳಗಿನ, ಅತಿಯಾದ ಭಯ ಕಳವಳಗಳಿಂದ ನರಳುತ್ತಿದ್ದ ೪೭ ಮಕ್ಕಳ ವಿಷಯವನ್ನು ಪ್ರಕಟಿಸಿದನು. ಭಯವನ್ನು ಗುರುತಿಸಿ, ಅದರ ಮಾತನ್ನು ಪ್ರಶ್ನಿಸಿ, ಮೆಟ್ಟಲು ಮೆಟ್ಟಲಾಗಿ ಅದನ್ನು ಎದುರಿಸುವಂತೆ ಅವರಿಗೆ ಅಭ್ಯಾಸಮಾಡಿಸಿದನು. ಅಭ್ಯಾಸ ಪಡೆದವರಲ್ಲಿ ಶೇಕಡ ೬೪ ಮಂದಿಗೆ ಆ ವ್ಯಾಧಿಯ ಹೆಸರೇ ಸಲ್ಲದಂತಾಯಿತು; ಸರದಿಗಾಗಿ ಕಾದಿದ್ದ ಮಕ್ಕಳಲ್ಲಿ ಅಂಥವರು ಅತ್ಯಲ್ಪ. ಕಾದಿದ್ದವರಿಗೂ ಆಮೇಲೆ ಚಿಕಿತ್ಸೆಯು ದೊರೆಯಿತು. ಆದ್ದರಿಂದ ತುಲನಾಗಣವನ್ನಿಡುವುದು ನಿರ್ದಯವೆಂಬ ಆಕ್ಷೇಪವು ನಿಲ್ಲಲಾರದು. ಔಷಧವೋ ವಿಷವೋ ತಿಳಿಯದುದನ್ನು ಎಲ್ಲರಿಗೂ ಹಂಚುವುದು ದಯೆಯೆನಿಸಲಾರದಷ್ಟೆ.

ದೀರ್ಘಕಾಲ ಕಾಯದೆ, ಚಿಕಿತ್ಸೆಯ ನಡುವೆಯೇ ಫಲವನ್ನು ಅಳೆಯುವ ಸಾಧನಗಳೂ ಈಗ ಇವೆ. ಲಂಡನ್ನಿನ ರಾಬರ್ಟ್ ಗುಡ್‌ಮನ್ ೧೯೯೭ರಲ್ಲಿ ರಚಿಸಿದ ೨೫ ಅಂಶಗಳ ಪ್ರಶ್ನಾವಳಿಯು ಅವುಗಳಲ್ಲಿ ಒಂದು. ತಾಯಿತಂದೆಗಳು, ಉಪಾಧ್ಯಾಯರು, ಬಲಿತ ಮಕ್ಕಳಾದರೆ ಸ್ವತಃ ಅವರೇ ಇದನ್ನು ತುಂಬಬಹುದು. ಇಂಥ ಪ್ರಶ್ನೆಗಳನ್ನು ಆಗಾಗ ಕೇಳುತ್ತ ಬಂದರೆ ಮಗುವು ಇಳಿಮುಖವಾಗುತ್ತಿರುವುದು ವೈದ್ಯನಿಗೆ ಬೇಗನೆ ತಿಳಿಯುವುದು; ದಾರಿಯನ್ನು ಬದಲಿಸಲು ಕಾಲವಿರುವುದು. ಮಗುವಿನ ಅಂತರಂಗವನ್ನು ಅಂಕಿಗಳು ಬಲ್ಲುವೇ ಎಂದು ಕೇಳುವವರುಂಟು. ಬಲ್ಲುವೆಂದು ಯಾರೂ ಹೇಳಲಾರರು. ಜ್ವರಮಾಪಕವು ರೋಗಿಯ ಸಂಕಟವನ್ನು ಅರಿಯದು. ಆದರೂ ಸಂಕಟವನ್ನು ಅರಿತ ವೈದ್ಯನು ಅದನ್ನು ದೂರವಿಡುವುದಿಲ್ಲ.

ಉಪಾಧ್ಯಾಯವೃತ್ತಿಯಲ್ಲಿದ್ದವರಿಗೆ ಈ ಚರಿತ್ರೆಯು ಬೇಗನೆ ಮನಸ್ಸಿಗೆ ನಾಟುವುದು. ಹಳೆಯ ವಿದ್ಯಾರ್ಥಿಗಳು ಬಂದು ನಮಸ್ಕರಿಸಿ, ತಮ್ಮಿಂದ ಉದ್ಧಾರವಾದೆವೆನ್ನುವರು. ಕಿವಿಗೆ ಇಂಪು. ಆದರೆ ಬಂದವರು ಮಾತ್ರವೇ ಮಾತನಾಡುವರು. ಬಾರದವರ ಬಾಳು ಹೇಗಾಯಿತೆಂಬುದು ನಮಸ್ಕಾರಗಳ ಲೆಕ್ಕದಲ್ಲಿ ಸೇರುವುದಿಲ್ಲ. ಕೇಂಬ್ರಿಜಿನ ಮಾರ್ಗದರ್ಶಕರ ಸ್ನೇಹವು ಸುಳ್ಳಾಗಿರಲಿಲ್ಲ. ಆ ಹುಡುಗರ ಕೃತಜ್ಞತೆಯೂ ಸುಳ್ಳಾಗಿರಲಿಲ್ಲ. ಅವೆರಡೂ ಸೇರಿ ಪ್ರಮಾಣವಾಗಲಿಲ್ಲ, ಅಷ್ಟೆ. ಚರಕಸಂಹಿತೆಯು ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನಗಳ ಜೊತೆಗೆ ಯುಕ್ತಿಯನ್ನೂ ಪರೀಕ್ಷೆಯ ಸಾಧನವಾಗಿ ಎಣಿಸಿರುವುದನ್ನು ಬಲ್ಲ ನಮಗೆ ಇದು ಹೊಸ ಮಾತಾಗಬಾರದು. ಈಗ ನಮ್ಮ ಊರುಗಳಲ್ಲಿಯೂ ಮಕ್ಕಳ ಮನಸ್ಸಿನ ಹೆಸರಿನಲ್ಲಿ ಶಿಬಿರಗಳೂ ಉಪದೇಶಗಳೂ ನಡೆಯುತ್ತಿರುವುವು. ಅವುಗಳಿಗೆ ಮಕ್ಕಳನ್ನು ಕಳುಹಿಸುವ ತಾಯಿತಂದೆಗಳು ನಡೆಸುವವರನ್ನು ವಿನಯದಿಂದ ಕೇಳಬೇಕಾದ ಪ್ರಶ್ನೆಗಳು ಎರಡೇ: ಇಲ್ಲಿಗೆ ಬಂದ ಮಕ್ಕಳು ಆಮೇಲೆ ಏನಾದರು? ಇಲ್ಲಿಗೆ ಬಾರದ ಅಂಥ ಮಕ್ಕಳು ಏನಾದರು? ಈ ಪ್ರಶ್ನೆಗಳಿಗೆ ಕೋಪಿಸಿಕೊಳ್ಳದೆ ಲೆಕ್ಕದ ಪುಸ್ತಕವನ್ನು ತೆರೆದು ತೋರಿಸುವವನ ಕೈಯಲ್ಲಿ ಮಗುವನ್ನು ಒಪ್ಪಿಸಬಹುದು.