ಕಾರಣಕ್ಕಿಂತ ಮೊದಲೇ ಬಂದ ಮಾತ್ರೆ

"ನಂಗೆ ಥೈರಾಯ್ಡ್ ಇದೆ" ಅಂತ ಹೇಳೋರು ಪ್ರತಿ ಆಫೀಸಿನಲ್ಲೂ ಸಿಗ್ತಾರೆ. ಥೈರಾಯ್ಡ್ ಎಲ್ಲರಿಗೂ ಇರುತ್ತೆ ಬಿಡಿ, ಕುತ್ತಿಗೆಯ ಮುಂಭಾಗದಲ್ಲಿರುವ ಚಿಟ್ಟೆಯಾಕಾರದ ಗ್ರಂಥಿ ಅದು. ಅವರು ಹೇಳ್ತಿರೋದು ಹೆಚ್ಚಾಗಿ ಅದು ಸೋತು ಕೂತಿದೆ ಅಂತ. ಹಾಗೆ ಸೋಲೋದಕ್ಕೆ ಒಂದು ದೊಡ್ಡ ಕಾರಣ ಹಶಿಮೊಟೊ ಕಾಯಿಲೆ: ನಮ್ಮ ರೋಗನಿರೋಧಕ ವ್ಯವಸ್ಥೆಯೇ ನಮ್ಮ ಗ್ರಂಥಿಯ ಮೇಲೆ ದಾಳಿ ಮಾಡೋದು. ಇದರ ಚರಿತ್ರೆಯಲ್ಲೊಂದು ವಿಚಿತ್ರ ಇದೆ. ಔಷಧಿ ಮೊದಲು ಬಂತು, ಕಾರಣ ತಿಳಿದದ್ದು 65 ವರ್ಷ ಆದಮೇಲೆ.

1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ವೈದ್ಯ, 46 ವರ್ಷದ ಮಹಿಳೆಯೊಬ್ಬರಿಗೆ ಕುರಿಯ ಥೈರಾಯ್ಡಿನ ರಸವನ್ನು ಚುಚ್ಚಿದ. ಆಕೆಯ ಮುಖ ಊದಿತ್ತು, ಮಾತು ನಿಧಾನವಾಗಿತ್ತು. ಕೆಲವೇ ತಿಂಗಳಲ್ಲಿ ಚೇತರಿಸಿಕೊಂಡರು. ಮರುವರ್ಷವೇ ಇದನ್ನು ಬಾಯಿಂದ ಕೊಟ್ಟರೂ ಸಾಕು ಅಂತ ಗೊತ್ತಾಯ್ತು. ಆಕೆ 74ರವರೆಗೆ ಬದುಕಿದರು. ಅದಕ್ಕೆ ಬೇಕಾದದ್ದು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ! ಆದರೆ ಗ್ರಂಥಿ ಯಾಕೆ ಸೋತಿತು ಅನ್ನೋ ಪ್ರಶ್ನೆ ಹಾಗೇ ಉಳಿಯಿತು.

1912ರಲ್ಲಿ ಜಪಾನಿನ ಫುಕುವೋಕಾದ ಯುವ ಸರ್ಜನ್ ಹಕಾರು ಹಶಿಮೊಟೊ, ನಾಲ್ವರು ಮಹಿಳೆಯರಿಂದ ತೆಗೆದ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಡಿ ನೋಡಿದ. ತುಂಬಾ ಬಿಳಿ ರಕ್ತಕಣಗಳು ಮುತ್ತಿಕೊಂಡಿದ್ದವು. ಕಂಡದ್ದನ್ನು ಜರ್ಮನ್ ಭಾಷೆಯಲ್ಲಿ ಬರೆದು ಪ್ರಕಟಿಸಿದ. ಓದಲು ಯುರೋಪಿಗೆ ಹೋದ, ಮಹಾಯುದ್ಧ ಶುರುವಾಯ್ತು, ಊರಿಗೆ ಮರಳಿ ವೈದ್ಯನಾಗಿ ದುಡಿದ. 1934ರಲ್ಲಿ ಟೈಫಾಯ್ಡ್‌ನಿಂದ ತೀರಿಕೊಂಡ. ತನ್ನ ಹೆಸರು ಲೋಕದ ಲ್ಯಾಬ್‌ಗಳಲ್ಲೆಲ್ಲ ಓಡಾಡೋದನ್ನು ಅವನು ನೋಡಲೇ ಇಲ್ಲ.

ಬಿಳಿ ರಕ್ತಕಣ ಅಂದ್ರೆ ದೇಹದ ಕಾವಲುಗಾರ. ಕಾವಲುಗಾರನೇ ಕನ್ನ ಹಾಕ್ತಾನಾ? ದೇಹ ತನಗೆ ತಾನೇ ಅಪಾಯ ತಂದುಕೊಳ್ಳೋದಿಲ್ಲ ಅನ್ನೋದು ಜರ್ಮನಿಯ ಪೌಲ್ ಎರ್ಲಿಖ್ ಅವರಿಂದ ಬಂದ ನಂಬಿಕೆ. 1956ರಲ್ಲಿ ಅದು ಅಲುಗಾಡಿತು. ಲಂಡನ್ನಿನಲ್ಲಿ ಐವನ್ ರಾಯ್ಟ್, ಡೆಬೊರಾ ಡೋನಿಯಾಕ್ ಮತ್ತು ಪೀಟರ್ ಕ್ಯಾಂಪ್‌ಬೆಲ್, ಹಶಿಮೊಟೊ ರೋಗಿಗಳ ರಕ್ತದಲ್ಲಿ ಥೈರಾಯ್ಡ್ ವಿರುದ್ಧದ ಆಂಟಿಬಾಡಿ ಇರೋದನ್ನು ತೋರಿಸಿದರು. ಅದೇ ವರ್ಷ ಅಮೆರಿಕದ ಬಫಲೋದಲ್ಲಿ ನೋಯೆಲ್ ರೋಸ್ ಮತ್ತು ಅರ್ನೆಸ್ಟ್ ವಿಟೆಬ್‌ಸ್ಕಿ, ಮೊಲಗಳಿಗೆ ಮೊಲದ್ದೇ ಥೈರಾಯ್ಡ್ ಸತ್ವ ಕೊಟ್ಟು ಇಂಥದ್ದೇ ಹಾನಿ ಕಂಡರು. ವಿಟೆಬ್‌ಸ್ಕಿ ಎರ್ಲಿಖ್‌ರ ಶಿಷ್ಯನ ಶಿಷ್ಯ ಅನ್ನೋದು ಗಮನಿಸಿ.

ಇಷ್ಟರಲ್ಲಿ ಔಷಧಿಯೂ ಕುರಿಯಿಂದ ಲ್ಯಾಬಿಗೆ ಬಂದಿತ್ತು. 1914ರ ಕ್ರಿಸ್‌ಮಸ್ ದಿನ ಎಡ್ವರ್ಡ್ ಕೆಂಡಲ್ ಥೈರಾಕ್ಸಿನ್ನನ್ನು ಹರಳಾಗಿ ಬೇರ್ಪಡಿಸಿದ. 1927ರಲ್ಲಿ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಅದನ್ನು ತಯಾರಿಸಿಯೇ ಬಿಟ್ಟರು.

ಈ ಚರಿತ್ರೆ ನಮಗ್ಯಾಕೆ? ಇವತ್ತಿನ ಮಾತ್ರೆ ಮಾಡೋದೂ ಮರ್ರೆ ಮಾಡಿದ ಕೆಲಸವನ್ನೇ, ಕೊರತೆ ತುಂಬೋದು. 1956ರಲ್ಲಿ ಪತ್ತೆಯಾದ ದಾಳಿಯನ್ನು ಅದು ನಿಲ್ಲಿಸಲ್ಲ. "ಟಿಎಸ್ಎಚ್ ನಾರ್ಮಲ್ ಬಂತು, ಇನ್ನೇಕೆ ಮಾತ್ರೆ" ಅಂತ ಬಿಡೋದು, ತೂತಿನ ಕೊಡ ತುಂಬಿದೆ ಅಂತ ನಲ್ಲಿ ನಿಲ್ಲಿಸಿದ ಹಾಗೆ. ಹಾಗಂತ ಆಂಟಿಬಾಡಿ ಇದ್ದವರಿಗೆಲ್ಲ ಮಾತ್ರೆ ಬೇಕಿಲ್ಲ. ಗ್ರಂಥಿ ಇನ್ನೂ ನಿಭಾಯಿಸ್ತಿದ್ದರೆ ಆಗಾಗ ಪರೀಕ್ಷೆ ಮಾಡಿಸ್ಕೊಂಡಿದ್ದರೆ ಸಾಕಾಗಬಹುದು.

ಮಾತ್ರೆ ತಗೊಳ್ಳೋರು ಕಾಫಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ಖಾಲಿ ಹೊಟ್ಟೆಗೆ ನುಂಗಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರ ಇರಲಿ. ಡೋಸ್ ಬದಲಾದರೆ 6ರಿಂದ 8 ವಾರ ಬಿಟ್ಟು ಟೆಸ್ಟ್ ಮಾಡಿಸಿ. ಈ ಹಾರ್ಮೋನಿನ ಅರ್ಧಾಂಶ ದೇಹದಿಂದ ಇಳಿಯೋಕೇ ವಾರ ಬೇಕು, ಅವಸರದ ರಿಪೋರ್ಟ್ ದಾರಿ ತಪ್ಪಿಸುತ್ತೆ. ಮಗುವಿನ ಯೋಚನೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಗರ್ಭಿಣಿಯರಿಗೆ ಸಾಮಾನ್ಯವಾಗಿ ಡೋಸ್ ಹೆಚ್ಚು ಬೇಕಾಗುತ್ತೆ.

ನ್ಯೂಕ್ಯಾಸಲ್ಲಿನ ಆ ಮಹಿಳೆ 28 ವರ್ಷ ಔಷಧಿ ಬಿಡಲಿಲ್ಲ. ಅದೂ ಕುರಿಯ ರಸ. ನಮ್ಮದು ಒಂದು ಪುಟ್ಟ ಮಾತ್ರೆ, ಒಂದು ಗುಟುಕು ನೀರು.