ಅಂಕದಿಂದ ಶ್ರೇಣಿಗೆ, ಶ್ರೇಣಿಯಿಂದ ಮತ್ತೆ ಅಂಕಕ್ಕೆ

ನೇಮಕಾತಿಯ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ಆಗಾಗ ನನ್ನ ಮೇಜಿಗೆ ಬರುತ್ತದೆ. ಅರ್ಜಿಯಲ್ಲಿ ‘ಶೇಕಡಾವಾರು ಅಂಕ’ ಎಂಬ ಅಂಕಣವೊಂದಿದೆ. ಇತ್ತೀಚಿನ ಪದವೀಧರರ ಅಂಕಪಟ್ಟಿಯಲ್ಲಿ ಬಹುಮಟ್ಟಿಗೆ ಶೇಕಡಾ ಇರುವುದಿಲ್ಲ, 7.69 ಎಂಬಂಥ ಒಂದು ಸಿಜಿಪಿಎ ಇರುತ್ತದೆ. ಅದನ್ನು ಶೇಕಡಾಕ್ಕೆ ಪರಿವರ್ತಿಸುವ ಸೂತ್ರವನ್ನು ವಿಶ್ವವಿದ್ಯಾಲಯದಿಂದ ಬರೆಸಿ ತಂದು ಅಭ್ಯರ್ಥಿ ಲಗತ್ತಿಸಬೇಕು. ಅಂಕಗಳ ಕಾಟ ಬೇಡವೆಂದು ಶ್ರೇಣಿಗೆ ಹೋದವರು ಆ ಶ್ರೇಣಿಯನ್ನೇ ಮತ್ತೆ ಅಂಕವಾಗಿಸಿಕೊಂಡು ಬರಬೇಕಾದ ಈ ವಿಚಿತ್ರ ಸ್ಥಿತಿಯ ಹಿಂದೆ ಎರಡೂವರೆ ಶತಮಾನಗಳ ಇತಿಹಾಸವಿದೆ.

ವಿದ್ಯಾರ್ಥಿಗಳನ್ನು ಮೊದಲು ಅಳೆದದ್ದು ಅಂಕಗಳಿಂದಲ್ಲ, ಗುಂಪುಗಳಿಂದ. ಕೇಂಬ್ರಿಜಿನ ಗಣಿತ ಟ್ರೈಪಾಸ್ ಪರೀಕ್ಷೆಯಲ್ಲಿ ಹದಿನೆಂಟನೆಯ ಶತಮಾನದ ನಡುವಿನಿಂದಲೇ ರ‍್ಯಾಂಗ್ಲರ್, ಸೀನಿಯರ್ ಆಪ್ಟಿಮೆ, ಜೂನಿಯರ್ ಆಪ್ಟಿಮೆ ಎಂಬ ಮೂರು ವರ್ಗಗಳಿದ್ದವು. ಅಮೆರಿಕದ ಯೇಲ್ ಕಾಲೇಜಿನ ಅಧ್ಯಕ್ಷ ಎಜ್ರಾ ಸ್ಟೈಲ್ಸ್ 1785ರಲ್ಲಿ 58 ವಿದ್ಯಾರ್ಥಿಗಳನ್ನು ಪರೀಕ್ಷಿಸಿ, 20 ಮಂದಿಯನ್ನು ಉತ್ತಮರೆಂದೂ 16 ಮಂದಿಯನ್ನು ದ್ವಿತೀಯ ಉತ್ತಮರೆಂದೂ 12 ಮಂದಿಯನ್ನು ಕೆಳಗಿನವರೆಂದೂ 10 ಮಂದಿಯನ್ನು ಇನ್ನೂ ಕೆಳಗಿನವರೆಂದೂ ಲ್ಯಾಟಿನ್ ಪದಗಳಲ್ಲಿ ತನ್ನ ದಿನಚರಿಯಲ್ಲಿ ಬರೆದಿಟ್ಟ. ಕಲಿಸಿದವನೇ ಎದುರಿಗೆ ಕೂರಿಸಿಕೊಂಡು ಅಳೆಯುವಾಗ ಇಷ್ಟು ಸ್ಥೂಲವಾದ ವಿಂಗಡಣೆ ಸಾಕಾಗುತ್ತಿತ್ತು.

ಆದರೆ ಕೇಂಬ್ರಿಜ್ ಗುಂಪುಗಳಲ್ಲಿ ನಿಲ್ಲಲಿಲ್ಲ. ಲಿಖಿತ ಪರೀಕ್ಷೆ ಬಲಗೊಂಡಂತೆ ಪ್ರತಿಯೊಬ್ಬನಿಗೂ ಒಂದೊಂದು ಸ್ಥಾನ ನಿಗದಿಯಾಯಿತು. ಮೊದಲಿಗನು ಸೀನಿಯರ್ ರ‍್ಯಾಂಗ್ಲರ್. ಜೂನಿಯರ್ ಆಪ್ಟಿಮೆಗಳಲ್ಲಿ ಕಟ್ಟಕಡೆಯವನಿಗೆ ಪದವಿ ಪ್ರದಾನದ ವೇಳೆ ಸಹಪಾಠಿಗಳು ದೊಡ್ಡದೊಂದು ಮರದ ಚಮಚವನ್ನು ಇಳಿಬಿಡುತ್ತಿದ್ದರು. 1899ರಲ್ಲಿ ಪುಣೆಯ ರಘುನಾಥ ಪುರುಷೋತ್ತಮ ಪರಾಂಜಪೆಯವರು ಇನ್ನೊಬ್ಬರೊಡನೆ ಸಮಸ್ಥಾನದಲ್ಲಿ ಸೀನಿಯರ್ ರ‍್ಯಾಂಗ್ಲರ್ ಆದರು. ಆ ಗೌರವ ಪಡೆದ ಮೊದಲ ಭಾರತೀಯರು ಅವರೇ. ಹತ್ತು ವರ್ಷಗಳಲ್ಲಿ ಕೇಂಬ್ರಿಜ್ ಆ ಸ್ಥಾನಕ್ರಮವನ್ನೇ ಕೈಬಿಟ್ಟಿತು. 1909ರ ನಂತರ ಹೆಸರುಗಳು ವರ್ಗದೊಳಗೆ ಅಕಾರಾದಿಯಲ್ಲಿ ಪ್ರಕಟವಾಗತೊಡಗಿದವು. ಗೋಕಾಕದ ಕಡೆಯಿಂದ ಹೋಗಿ ರ‍್ಯಾಂಗ್ಲರ್ ಆಗಿ ಬಂದು, 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಿ.ಸಿ. ಪಾವಟೆಯವರ ಕಾಲಕ್ಕೆ ಆ ಪದ ಸೂಚಿಸುತ್ತಿದ್ದದ್ದು ಪ್ರಥಮ ವರ್ಗವನ್ನೇ ಹೊರತು ಎಷ್ಟನೆಯವರೆಂಬುದನ್ನಲ್ಲ. ರ‍್ಯಾಂಕಿನ ತವರೇ ರ‍್ಯಾಂಕನ್ನು ಬಿಟ್ಟಿದ್ದರೂ ನಾವು ಅದನ್ನು ಬಹುಕಾಲ ಪತ್ರಿಕೆಗಳ ಮುಖಪುಟದಲ್ಲಿ ಕಾಪಾಡಿಕೊಂಡು ಬಂದೆವು.

ಅದಕ್ಕೂ ಕಾರಣವಿತ್ತು. 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದ್ರಾಸುಗಳಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಗಳು ಲಂಡನ್ ವಿಶ್ವವಿದ್ಯಾಲಯದ ಮಾದರಿಯವು. ಕಲಿಸುವುದು ಕಾಲೇಜಿನ ಕೆಲಸ, ಪರೀಕ್ಷಿಸುವುದು ಮಾತ್ರ ವಿಶ್ವವಿದ್ಯಾಲಯದ ಕೆಲಸ. ಪರೀಕ್ಷಕನಿಗೆ ವಿದ್ಯಾರ್ಥಿಯ ಮುಖದ ಪರಿಚಯವಿಲ್ಲ. ಅವನ ಮುಂದಿರುವುದು ಉತ್ತರ ಪತ್ರಿಕೆ, ಅದರ ಮೇಲೊಂದು ನೋಂದಣಿ ಸಂಖ್ಯೆ. ಇಂಥಲ್ಲಿ ಅಂಕವೇ ವಿದ್ಯಾರ್ಥಿಯಾಗಿಬಿಡುತ್ತದೆ. ಕಲ್ಕತ್ತೆಯ ಮೊದಲ ಬಿ.ಎ. ಪರೀಕ್ಷೆ 1858ರಲ್ಲಿ ನಡೆದಾಗ ಎಲ್ಲ ವಿಷಯಗಳಲ್ಲಿಯೂ ತೇರ್ಗಡೆಯಾದವರು ಒಬ್ಬರೂ ಇರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಹಿಂದೆ ಬಿದ್ದಿದ್ದ ಇಬ್ಬರಿಗೆ ಹೆಚ್ಚೆಂದರೆ 7 ಕೃಪಾಂಕಗಳನ್ನು ನೀಡಿ ದ್ವಿತೀಯ ಶ್ರೇಣಿಯಲ್ಲಿ ಉತ್ತೀರ್ಣಗೊಳಿಸಲಾಯಿತು. ಅವರಲ್ಲಿ ಒಬ್ಬರು ಜದುನಾಥ ಬೋಸ್, ಇನ್ನೊಬ್ಬರು ಬಂಕಿಮಚಂದ್ರ ಚಟರ್ಜಿ. ನಮ್ಮ ವಿಶ್ವವಿದ್ಯಾಲಯಗಳ ಚರಿತ್ರೆಯ ಆರಂಭದಲ್ಲಿಯೇ ಕೃಪಾಂಕವಿದೆ ಎಂಬುದು ಗಮನಾರ್ಹ. ಅಂಕದ ಗೆರೆಯನ್ನು ಎಳೆದವರಿಗೇ ಅದನ್ನು ಕೊಂಚ ಸರಿಸಬೇಕೆಂಬ ಅರಿವೂ ಇತ್ತು.

ಗೆರೆ ಎಷ್ಟು ಅಲುಗಾಡುತ್ತದೆ ಎಂಬುದು ಇಪ್ಪತ್ತನೆಯ ಶತಮಾನದಲ್ಲಿ ಲೆಕ್ಕಕ್ಕೆ ಸಿಕ್ಕಿತು. 1912ರಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಅಮೆರಿಕದ ಸಂಶೋಧಕರು ಇಂಗ್ಲಿಷ್ ವಿಷಯದ ಎರಡು ಉತ್ತರ ಪತ್ರಿಕೆಗಳನ್ನು ಅನೇಕ ಶಾಲೆಗಳಿಗೆ ಕಳುಹಿಸಿ ಮೌಲ್ಯಮಾಪನ ಮಾಡಿಸಿದರು. 142 ಅಧ್ಯಾಪಕರು ಒಂದೇ ಪತ್ರಿಕೆಗೆ ಕೊಟ್ಟ ಅಂಕಗಳು 64ರಿಂದ 98ರವರೆಗೆ, ಇನ್ನೊಂದಕ್ಕೆ ಕೊಟ್ಟವು 50ರಿಂದ 97ರವರೆಗೆ ಹರಡಿಕೊಂಡಿದ್ದವು. ಢಾಕಾ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿದ್ದ ಫಿಲಿಪ್ ಹಾರ್ಟಾಗ್ ಇಂಗ್ಲೆಂಡಿನಲ್ಲಿ ನಡೆಸಿದ, 1935ರಲ್ಲಿ ಪ್ರಕಟವಾದ ಅಧ್ಯಯನವಂತೂ ಇನ್ನೂ ಕಳವಳಕಾರಿ. ಇತಿಹಾಸದ 15 ಉತ್ತರ ಪತ್ರಿಕೆಗಳನ್ನು ವರ್ಷಕ್ಕೂ ಹೆಚ್ಚು ಅಂತರದಲ್ಲಿ ಅದೇ 14 ಪರೀಕ್ಷಕರಿಂದ ಎರಡು ಬಾರಿ ತಿದ್ದಿಸಿದಾಗ, 210 ತೀರ್ಪುಗಳಲ್ಲಿ 92 ಬದಲಾಗಿದ್ದವು. ಇಲ್ಲಿ ಭಿನ್ನಾಭಿಪ್ರಾಯ ಇಬ್ಬರ ನಡುವಿನದಲ್ಲ. ಪರೀಕ್ಷಕನು ತನ್ನೊಡನೆಯೇ ಒಪ್ಪಿರಲಿಲ್ಲ.

ಶ್ರೇಣಿ ಪದ್ಧತಿಯ ಪರವಾದ ಅತ್ಯಂತ ಪ್ರಾಮಾಣಿಕ ವಾದ ಹುಟ್ಟುವುದು ಇಲ್ಲಿಂದಲೇ. 61 ಮತ್ತು 63ರ ನಡುವಿನ ವ್ಯತ್ಯಾಸವನ್ನು ಹಿಡಿಯುವ ಶಕ್ತಿ ತಕ್ಕಡಿಗೇ ಇಲ್ಲವೆಂದ ಮೇಲೆ ಇಬ್ಬರಿಗೂ ಒಂದೇ ಅಕ್ಷರ ಕೊಡುವುದು ನ್ಯಾಯ. ಅಮೆರಿಕದ ಮೌಂಟ್ ಹೋಲಿಯೋಕ್ ಕಾಲೇಜು 1897ರಷ್ಟು ಹಿಂದೆಯೇ ಎ, ಬಿ, ಸಿ ಎಂಬ ಅಕ್ಷರಗಳನ್ನು ಬಳಸಿತ್ತು. ನಮ್ಮಲ್ಲಿ 1948-49ರ ರಾಧಾಕೃಷ್ಣನ್ ಆಯೋಗವು, ವಿಶ್ವವಿದ್ಯಾಲಯಗಳಲ್ಲಿ ಒಂದೇ ಒಂದು ಸುಧಾರಣೆ ಸಾಧ್ಯವಿದ್ದರೆ ಅದು ಪರೀಕ್ಷೆಯದ್ದಾಗಬೇಕು ಎಂಬರ್ಥದ ಮಾತನ್ನು ಹೇಳಿತು. ಐಐಟಿಯಂಥ ಸಂಸ್ಥೆಗಳಲ್ಲಿ ಬೇರೂರಿದ ಅಕ್ಷರ ಶ್ರೇಣಿ, 2015ರ ಸುಮಾರಿಗೆ ಯುಜಿಸಿಯ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯೊಡನೆ ಸಾಮಾನ್ಯ ಕಾಲೇಜುಗಳಿಗೂ ಬಂತು.

ಆ ಪದ್ಧತಿಯಲ್ಲಿ ‘ಓ’ ಶ್ರೇಣಿಗೆ 10, ‘ಎ ಪ್ಲಸ್’ಗೆ 9, ‘ಎ’ಗೆ 8, ‘ಬಿ ಪ್ಲಸ್’ಗೆ 7, ‘ಬಿ’ಗೆ 6, ‘ಸಿ’ಗೆ 5, ಕೇವಲ ತೇರ್ಗಡೆಗೆ 4 ಪಾಯಿಂಟುಗಳು. ಪ್ರತಿ ಪತ್ರಿಕೆಯ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಕ್ರೆಡಿಟ್‌ಗಳಿಂದ ಭಾಗಿಸಬೇಕು. 4 ಕ್ರೆಡಿಟ್‌ನ ಎರಡು ಪತ್ರಿಕೆಗಳಲ್ಲಿ 8 ಮತ್ತು 7, 3 ಕ್ರೆಡಿಟ್‌ನದರಲ್ಲಿ 10, 2 ಕ್ರೆಡಿಟ್‌ನದರಲ್ಲಿ 5 ಬಂದರೆ ಮೊತ್ತ 100. ಅದನ್ನು 13ರಿಂದ ಭಾಗಿಸಿದರೆ 7.69. ಹೀಗೆ ಬಂದ ಸೆಮಿಸ್ಟರುಗಳ ಸರಾಸರಿಗಳನ್ನು ಅವುಗಳ ಕ್ರೆಡಿಟ್‌ಗಳ ತೂಕದೊಡನೆ ಮತ್ತೆ ಸರಾಸರಿ ಮಾಡಿದರೆ ಸಿಜಿಪಿಎ ದೊರೆಯುತ್ತದೆ.

ತೊಡಕಿರುವುದು ಇಲ್ಲಿಯೇ. ಸೂಕ್ಷ್ಮವಾಗಿ ಅಳೆಯಲಾರೆವೆಂದು ಒಪ್ಪಿಕೊಂಡು ಅಕ್ಷರಗಳಿಗೆ ಹೋದೆವು. ಆ ಅಕ್ಷರಗಳಿಗೆ ಸಂಖ್ಯೆ ಹಚ್ಚಿ, ಸರಾಸರಿ ತೆಗೆದು, ದಶಮಾಂಶದ ಎರಡನೆಯ ಸ್ಥಾನದವರೆಗೆ ಬರೆದೆವು. ಮುಂಬಾಗಿಲಲ್ಲಿ ಕಳುಹಿಸಿದ ಅತಿಥಿ ಹಿತ್ತಲಿನಿಂದ ಒಳಬಂದಂತಾಯಿತು. ಅನಂತರ ಪರಿವರ್ತನೆ. ಸಿಬಿಎಸ್‌ಇ ತನ್ನ ಹತ್ತನೆಯ ತರಗತಿಗೆಂದು 9.5ರಿಂದ ಗುಣಿಸುವ ಸೂತ್ರ ಕೊಟ್ಟಿತ್ತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸೂತ್ರದಲ್ಲಿ 0.75ನ್ನು ಕಳೆದು 10ರಿಂದ ಗುಣಿಸಬೇಕು. ಮೊದಲನೆಯದರಲ್ಲಿ 7.69 ಎಂಬುದು 73.06 ಆಗುತ್ತದೆ, ಎರಡನೆಯದರಲ್ಲಿ 69.4. ಶೇಕಡಾ 70ರ ಗೆರೆಯಿದ್ದಲ್ಲಿ ಒಂದೇ ಸಂಖ್ಯೆ ಒಬ್ಬನನ್ನು ಒಳಗೂ ಇನ್ನೊಬ್ಬನನ್ನು ಹೊರಗೂ ನಿಲ್ಲಿಸುತ್ತದೆ.

ಈ ಗೆರೆಯ ಪರಿಚಯ ನನಗೂ ಇದೆ. ಇಂಗ್ಲಿಷ್ ಎಂ.ಎ.ಯಲ್ಲಿ ನನಗೆ ಬಂದದ್ದು 800ಕ್ಕೆ 437, ಅಂದರೆ 54.62. ಅಧ್ಯಾಪಕನಾಗುವ ಅರ್ಹತೆಗೆ ಬೇಕಾದದ್ದು 55. ಮೂರು ಅಂಕಗಳು, ಎಂಟು ಪತ್ರಿಕೆಗಳಲ್ಲಿ ಹರಡಿದರೆ ಪತ್ರಿಕೆಗೆ ಅರ್ಧ ಅಂಕಕ್ಕಿಂತ ಕಡಿಮೆ. ನಾನು ಇಲಾಖಾ ಪರೀಕ್ಷೆ ಬರೆದು ಈ ಮೇಜಿಗೆ ಬಂದೆ. ಆ ಬಗ್ಗೆ ಈಗ ದೂರಿಲ್ಲ. ಆದರೆ ಹಾರ್ಟಾಗನ ಆ 92 ತೀರ್ಪುಗಳನ್ನು ಓದಿದ ದಿನ ಬಹಳ ಹೊತ್ತು ಪುಸ್ತಕವನ್ನು ಮುಚ್ಚಿ ಕುಳಿತಿದ್ದೆ.

ಗೆರೆಯೇ ಬೇಡವೆಂದು ನಾನು ಹೇಳಲಾರೆ. ನೂರು ಹುದ್ದೆಗೆ ಸಾವಿರಾರು ಅರ್ಜಿ ಬರುವ ದೇಶದಲ್ಲಿ ಗೆರೆ ಎಳೆಯದೆ ಆಗದು. ಅಂಕವಿಲ್ಲದಿದ್ದರೆ ಆ ಜಾಗವನ್ನು ಶಿಫಾರಸು ತುಂಬೀತು ಎಂಬ ಭಯವೂ ನಿಜವೇ. ಆದರೆ ಗೆರೆ ನಮ್ಮ ಅನುಕೂಲಕ್ಕೆ ಎಳೆದದ್ದು, ವಿದ್ಯಾರ್ಥಿಯ ಯೋಗ್ಯತೆಯೊಳಗೆ ಮೊದಲೇ ಇದ್ದದ್ದಲ್ಲ. ಶ್ರೇಣಿ ಕೊಟ್ಟಲ್ಲಿ ಶ್ರೇಣಿಯನ್ನೇ ಕೇಳೋಣ. ಅಂಚಿನಲ್ಲಿ ನಿಂತವರನ್ನು ಕರೆದು ಮಾತನಾಡಿಸೋಣ. 1858ರ ಕಲ್ಕತ್ತೆಯ ಪರೀಕ್ಷಕರಿಗೆ ಅಷ್ಟು ಔದಾರ್ಯ ಸಾಧ್ಯವಾಗಿತ್ತು.